ಕೋಶಪೊರೆಯಲ್ಲಿ ಪ್ರೋಟೀನ್‌ಗಳ ಅಲೆದಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಜೀವಕೋಶದ ಬಗ್ಗೆ ಬಂದ ಲೇಖನದಲ್ಲಿ, "ಕೋಶಪೊರೆಯಲ್ಲಿರುವ ಪ್ರೋಟೀನ್‌ಗಳು ಸದಾ ಅಲೆದಾಡುತ್ತಿರುತ್ತವೆ, ಈ ಅಲೆದಾಟವನ್ನು ವಿಜ್ಞಾನಿಗಳು ಬೆಳಕಿನಿಂದ ಅಳೆಯುತ್ತಾರೆ" ಎಂಬ ಒಂದು ಮಾತು ಇತ್ತು. ಶಿವಮೊಗ್ಗ ಜಿಲ್ಲೆಯಿಂದಲೂ ಸುತ್ತಲಿನ ಮಲೆನಾಡಿನ ಊರುಗಳಿಂದಲೂ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಮಾತನ್ನೇ ಹಿಡಿದುಕೊಂಡು ಪ್ರಶ್ನೆ ಕೇಳಿವೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಡಲಾಗಿದೆ.

ಪ್ರಶ್ನೆ: ಪ್ರಥಮ ಪಿಯುಸಿ ತರಗತಿಯಲ್ಲಿ ಕೋಶಪೊರೆಯ ಪಾಠ ಮಾಡುವಾಗ, ಕೆರೆಯ ಮೇಲೆ ಅಂತರಗಂಗೆ ತೇಲುವಂತೆ ಪ್ರೋಟೀನ್‌ಗಳು ಲಿಪಿಡ್ (ಕೊಬ್ಬಿನಂಥ ಅಣುಗಳ) ಪದರದಲ್ಲಿ ತೇಲುತ್ತಿರುತ್ತವೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಈ ಹೋಲಿಕೆ ಎಷ್ಟರ ಮಟ್ಟಿಗೆ ಸರಿ? ಅವು ಚಲಿಸುತ್ತವೆಂದು ಮೊದಲು ತಿಳಿದದ್ದು ಹೇಗೆ? ಆ ಚಲನೆಯನ್ನು ಅಳೆಯುವ ಬಗೆ ಯಾವುದು?
— ಜೀವಶಾಸ್ತ್ರ ಉಪನ್ಯಾಸಕಿ, ಸಾಗರ

ಉತ್ತರ: ಹೋಲಿಕೆಯನ್ನು ನೀವು ಬಿಡಬೇಕಾಗಿಲ್ಲ, ಆದರೆ ಅದನ್ನು ಎರಡು ಕಡೆ ತಿದ್ದಿಕೊಳ್ಳುವುದು ಒಳ್ಳೆಯದು. ಮೊದಲಿಗೆ ನಿಮ್ಮ ಎರಡನೆಯ ಪ್ರಶ್ನೆಯನ್ನು ನೋಡೋಣ.

1970ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಫ್ರೈ ಮತ್ತು ಎಡಿಡಿನ್ ಎಂಬ ಇಬ್ಬರು ಸಂಶೋಧಕರು ಇಲಿಯ ಜೀವಕೋಶವನ್ನೂ ಮನುಷ್ಯನ ಜೀವಕೋಶವನ್ನೂ ಒಂದು ವೈರಸ್ಸಿನ ನೆರವಿನಿಂದ ಬೆಸೆದು ಒಂದೇ ಕೋಶವನ್ನಾಗಿ ಮಾಡಿದರು. ಇಲಿಯ ಪ್ರೋಟೀನ್‌ಗಳನ್ನು ಹಸಿರಾಗಿ ಹೊಳೆಯುವ ಪ್ರತಿಕಾಯಗಳಿಂದಲೂ ಮನುಷ್ಯನ ಪ್ರೋಟೀನ್‌ಗಳನ್ನು ಕೆಂಪಾಗಿ ಹೊಳೆಯುವ ಪ್ರತಿಕಾಯಗಳಿಂದಲೂ ಗುರುತಿಸಿ ನೋಡಿದಾಗ, ಬೆಸೆದ ಹೊಸದರಲ್ಲಿ ಕೋಶದ ಒಂದು ಅರ್ಧ ಹಸಿರಾಗಿಯೂ ಇನ್ನೊಂದು ಅರ್ಧ ಕೆಂಪಾಗಿಯೂ ಕಾಣುತ್ತಿತ್ತು. ಆದರೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 40 ನಿಮಿಷ ಇಟ್ಟ ಕೋಶಗಳಲ್ಲಿ ಬಹುಪಾಲು ಎರಡೂ ಬಣ್ಣಗಳು ಪೂರ್ತಿಯಾಗಿ ಬೆರೆತುಹೋಗಿದ್ದವು. ಕೋಶವು ಹೊಸ ಪ್ರೋಟೀನ್ ತಯಾರಿಸದಂತೆ ತಡೆದರೂ ಬೆರಕೆ ನಿಲ್ಲಲಿಲ್ಲ. ತಂಪಿನಲ್ಲಿ, ಅಂದರೆ 15 ಡಿಗ್ರಿಗಿಂತ ಕೆಳಗೆ ಇಟ್ಟಾಗ ಮಾತ್ರ ನಿಂತಿತು. ಹಳೆಯ ಪ್ರೋಟೀನ್‌ಗಳೇ ಪೊರೆಯೊಳಗೆ ಜಾಗ ಬದಲಿಸುತ್ತಿವೆ, ಪೊರೆ ಗಟ್ಟಿಯಾದರೆ ಅವುಗಳ ಓಡಾಟವೂ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ. ಪಠ್ಯಪುಸ್ತಕದಲ್ಲಿರುವ ಸಿಂಗರ್ ಮತ್ತು ನಿಕೋಲ್ಸನ್ ಅವರ ದ್ರವ ಮೊಸಾಯಿಕ್ ಮಾದರಿ ಪ್ರಕಟವಾದದ್ದು ಇದರ ನಂತರ, 1972ರಲ್ಲಿ. ಪಾಠ ಮಾಡುವಾಗ ಮಾದರಿಯ ಚಿತ್ರಕ್ಕಿಂತ ಮೊದಲು ಈ ಪ್ರಯೋಗವನ್ನು ಹೇಳಿದರೆ, ಮಾದರಿ ಯಾಕೆ ಬೇಕಾಯಿತು ಎಂಬುದು ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ ಎಂದು ನನ್ನ ಅನಿಸಿಕೆ.

ಬೆರೆಯುತ್ತವೆ ಎಂದು ತಿಳಿದರೆ ಸಾಲದು, ಎಷ್ಟು ಬೇಗ ಎಂದೂ ತಿಳಿಯಬೇಕು. 1974ರಲ್ಲಿ ಪೂ ಮತ್ತು ಕೋನ್ ಎಂಬವರು ಕಪ್ಪೆಯ ಕಣ್ಣಿನ ದಂಡಕೋಶಗಳನ್ನು ಇದಕ್ಕೆ ಬಳಸಿಕೊಂಡರು. ಅಲ್ಲಿನ ಪೊರೆಗಳಲ್ಲಿ ಕಿಕ್ಕಿರಿದಿರುವ ರೊಡಾಪ್ಸಿನ್ ಎಂಬ ಪ್ರೋಟೀನಿಗೆ ತನ್ನದೇ ಬಣ್ಣವಿದೆ, ಬೆಳಕು ಬಿದ್ದರೆ ಆ ಬಣ್ಣ ಮಾಸುತ್ತದೆ. ಅವರು ಕೋಶದ ಒಂದು ಮಗ್ಗುಲಿಗೆ ಮಾತ್ರ ಬೆಳಕು ಹಾಯಿಸಿ ಬಣ್ಣ ಕೆಡಿಸಿ, ಇನ್ನೊಂದು ಮಗ್ಗುಲಿನ ಬಣ್ಣವು ಈ ಕಡೆಗೆ ಹರಡಿಕೊಳ್ಳುವುದನ್ನು ಗಡಿಯಾರ ಹಿಡಿದು ನೋಡಿದರು. ಎರಡು ವರ್ಷಗಳ ನಂತರ, 1976ರಲ್ಲಿ, ಆಕ್ಸೆಲ್‌ರಾಡ್, ಎಲ್ಸನ್, ವೆಬ್ ಮೊದಲಾದವರು ಇಂಥ ಪ್ರಯೋಗಕ್ಕೆ ಬೇಕಾದ ಗಣಿತವನ್ನು ಕ್ರಮಬದ್ಧವಾಗಿ ಬರೆದುಕೊಟ್ಟರು. ಬೆಳಕಿನಿಂದ ಹೊಳಪು ಕಳೆದ ಜಾಗಕ್ಕೆ ಹೊಳಪು ಮರಳುವುದನ್ನು ಅಳೆಯುವ ಈ ವಿಧಾನವನ್ನು ಈಗ ಪ್ರಯೋಗಾಲಯಗಳಲ್ಲಿ ಚಿಕ್ಕದಾಗಿ "ಫ್ರಾಪ್" ಎನ್ನುತ್ತಾರೆ.

ಅದನ್ನು ಮಾಡುವ ಬಗೆ ಹೀಗಿದೆ. ನೋಡಬೇಕಾದ ಪ್ರೋಟೀನಿಗೆ, ಜೆಲ್ಲಿಮೀನಿನಿಂದ ದೊರೆತ ಹಸಿರು ಹೊಳೆಯುವ ಪ್ರೋಟೀನನ್ನು, ಅಂದರೆ ಜಿಎಫ್‌ಪಿಯನ್ನು, ಜೀನಿನ ಮಟ್ಟದಲ್ಲಿಯೇ ಜೋಡಿಸುತ್ತಾರೆ; ಆಗ ಕೋಶದ ಅಂಚು ಸೂಕ್ಷ್ಮದರ್ಶಕದ ಕೆಳಗೆ ಹಸಿರು ಗೆರೆಯಂತೆ ಬೆಳಗುತ್ತದೆ. ಪೊರೆಯ ಒಂದು ಜಾಗಕ್ಕೆ, ಒಂದು ಮೈಕ್ರೋಮೀಟರ್ ತ್ರಿಜ್ಯದ ಪುಟ್ಟ ವೃತ್ತದಲ್ಲಿ, ಬಲವಾದ ಲೇಸರ್ ಬೆಳಕನ್ನು ಕ್ಷಣಕಾಲ ಹಾಯಿಸಿದರೆ ಅಲ್ಲಿರುವ ಜಿಎಫ್‌ಪಿಗಳು ಹೊಳೆಯುವ ಶಕ್ತಿಯನ್ನು ಕಳೆದುಕೊಂಡು ಒಂದು ಕಪ್ಪು ಕಲೆ ಮೂಡುತ್ತದೆ. ಆಮೇಲೆ ಲೇಸರನ್ನು ತೀರ ಮಂದಗೊಳಿಸಿ ಆ ಕಲೆಯನ್ನೇ ನೋಡುತ್ತ ಕೂರುತ್ತಾರೆ. ಹೊರಗಿನ ಹೊಳೆಯುವ ಪ್ರೋಟೀನ್‌ಗಳು ಒಳಗೆ ಬರುತ್ತವೆ, ಹೊಳಪು ಕಳೆದುಕೊಂಡವು ಹೊರಗೆ ಹೋಗುತ್ತವೆ, ಕಲೆ ಅಂಚಿನಿಂದ ಒಳಕ್ಕೆ ತಿಳಿಯಾಗುತ್ತ ಬರುತ್ತದೆ.

ಒಂದು ಲೆಕ್ಕವನ್ನು ಹಾಕಿ ನೋಡೋಣ. ಕಲೆಯ ಹೊಳಪು ಮೊದಲು 100 ಇತ್ತು, ಲೇಸರ್ ಹಾಯಿಸಿದ ಕೂಡಲೇ 20ಕ್ಕೆ ಇಳಿಯಿತು, ಕೊನೆಗೆ 70ಕ್ಕೆ ಬಂದು ನಿಂತಿತು ಎಂದಿಟ್ಟುಕೊಳ್ಳಿ. ಕಳೆದುಕೊಂಡ 80ರಲ್ಲಿ 50 ಮರಳಿತು. ಅಂದರೆ ಶೇಕಡ 62ರಷ್ಟು ಪ್ರೋಟೀನ್‌ಗಳು ಓಡಾಡುತ್ತಿವೆ, ಉಳಿದವು ಆ ಹೊತ್ತಿನಲ್ಲಿ ಕದಲಲಿಲ್ಲ. ಮರಳಬೇಕಾದ 50ರಲ್ಲಿ ಅರ್ಧ ಮರಳಲು 2 ಸೆಕೆಂಡು ಹಿಡಿದಿದ್ದರೆ, ಕಲೆಯ ತ್ರಿಜ್ಯದ ವರ್ಗವನ್ನು ಆ ಸಮಯದಿಂದ ಭಾಗಿಸಿ 0.22ರಿಂದ ಗುಣಿಸಬೇಕು. ಸೆಕೆಂಡಿಗೆ 0.11 ಚದರ ಮೈಕ್ರೋಮೀಟರ್ ಎಂದು ಬರುತ್ತದೆ. ಇದೇ ವಿಸರಣಾ ಗುಣಾಂಕ, ಅಂದರೆ ಅಲೆಯುತ್ತ ಹರಡಿಕೊಳ್ಳುವ ಚುರುಕಿನ ಅಳತೆ. ಪೊರೆಯ ಪ್ರೋಟೀನ್‌ಗಳಿಗೆ ಇದು ಸಹಜವಾದ ಅಳತೆ. ಇದನ್ನು ವೇಗವೆಂದು ತಿಳಿಯಬಾರದು: ಗೊತ್ತುಗುರಿಯಿಲ್ಲದ ಅಲೆದಾಟದಲ್ಲಿ ದೂರ ಎರಡು ಪಟ್ಟಾದರೆ ಬೇಕಾಗುವ ಸಮಯ ನಾಲ್ಕು ಪಟ್ಟಾಗುತ್ತದೆ. ಮೇಲಿನ ಪ್ರೋಟೀನ್ ಒಂದು ಮೈಕ್ರೋಮೀಟರ್ ದೂರ ಸರಿಯಲು ಎರಡು ಸೆಕೆಂಡಿನ ಆಸುಪಾಸು ಸಾಕು, ಆದರೆ 20 ಮೈಕ್ರೋಮೀಟರ್ ಅಗಲದ ಕೋಶದ ಆಚೆ ದಡ ಸೇರಲು ಸುಮಾರು ಕಾಲು ಗಂಟೆ ಬೇಕು.

ಇನ್ನು ನಿಮ್ಮ ಹೋಲಿಕೆ. ಅಂತರಗಂಗೆಯನ್ನು ಗಾಳಿ ಒಂದು ದಿಕ್ಕಿಗೆ ತಳ್ಳುತ್ತದೆ; ಪೊರೆಯಲ್ಲಿ ಅಂಥ ಗಾಳಿಯಿಲ್ಲ, ಸುತ್ತಲಿನ ಅಣುಗಳ ಉಷ್ಣಚಲನೆಯ ತಳ್ಳಾಟ ಎಲ್ಲ ದಿಕ್ಕಿನಿಂದಲೂ ಬರುತ್ತದೆ. ಎರಡನೆಯದಾಗಿ, ಅಂತರಗಂಗೆಯ ಬೇರು ನೀರಿನಲ್ಲಿ ಬಿಡಿಯಾಗಿ ಜೋತುಬಿದ್ದಿರುತ್ತದೆ. ಪೊರೆಯ ಎಷ್ಟೋ ಪ್ರೋಟೀನ್‌ಗಳು ಮಾತ್ರ ಕೋಶದೊಳಗಿನ ಎಳೆಗಳಿಗೆ ಕಟ್ಟಿಕೊಂಡಿರುತ್ತವೆ. ಕಲೆ ಪೂರ್ತಿ ತುಂಬದೆ 70ಕ್ಕೇ ನಿಂತದ್ದು ಹೇಳುವುದು ಇದನ್ನೇ. ತರಗತಿಯಲ್ಲಿ ಈ ಎರಡನೆಯ ತಿದ್ದುಪಡಿಯನ್ನಂತೂ ದಯವಿಟ್ಟು ಬಿಡಬೇಡಿ.

ಪ್ರಶ್ನೆ: ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದಲ್ಲಿ 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ವಸ್ತುಗಳನ್ನು ಬೇರೆಬೇರೆಯಾಗಿ ಕಾಣಲಾಗದು ಎಂದು ಓದಿದ್ದೇನೆ. ಪ್ರೋಟೀನ್ ಕೆಲವೇ ನ್ಯಾನೋಮೀಟರ್ ಗಾತ್ರದ್ದು. ಹಾಗಿದ್ದೂ ಒಂದೇ ಪ್ರೋಟೀನಿನ ಹಾದಿಯನ್ನು ಗುರುತಿಸುವುದು ಹೇಗೆ ಸಾಧ್ಯ?
— ಬಿ.ಎಸ್ಸಿ. ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ಎರಡನ್ನು ಬೇರ್ಪಡಿಸಿ ನೋಡುವುದಕ್ಕೆ ಆ ಮಿತಿ ಇದೆ; ಒಂಟಿಯಾಗಿರುವ ಒಂದರ ಜಾಗವನ್ನು ಗೊತ್ತುಮಾಡುವುದಕ್ಕೆ ಇಲ್ಲ. ಹೊಳೆಯುವ ಒಂದು ಅಣು ಕ್ಯಾಮೆರಾದಲ್ಲಿ ತನ್ನ ಗಾತ್ರಕ್ಕಿಂತ ಎಷ್ಟೋ ದೊಡ್ಡದಾದ ಮಸುಕು ಚುಕ್ಕೆಯಾಗಿ ಮೂಡುತ್ತದೆ, ಆದರೆ ಆ ಚುಕ್ಕೆಯ ನಟ್ಟನಡುವನ್ನು ಲೆಕ್ಕ ಹಾಕಿ ಹುಡುಕಬಹುದು. ಫೋಟಾನ್‌ಗಳು ಹೆಚ್ಚಿದಷ್ಟೂ ನಡುವಿನ ಗುರುತು ನಿಖರವಾಗುತ್ತದೆ: ನೂರು ಫೋಟಾನ್ ಸಿಕ್ಕರೆ ನಿಖರತೆ ಸುಮಾರು ಹತ್ತು ಪಟ್ಟು ಸುಧಾರಿಸಿ, ಹೆಚ್ಚುಕಡಿಮೆ 10ರಿಂದ 20 ನ್ಯಾನೋಮೀಟರಿಗೆ ಬರುತ್ತದೆ. ಇದಕ್ಕೆ ಚುಕ್ಕೆಗಳು ಒಂದರ ಮೇಲೊಂದು ಬೀಳದಷ್ಟು ವಿರಳವಾಗಿರಬೇಕು. ಹಾಗಾಗಿ ಲಕ್ಷಾಂತರ ಪ್ರೋಟೀನ್‌ಗಳಲ್ಲಿ ಕೆಲವಕ್ಕೆ ಮಾತ್ರ ಹೊಳಪು ಕೊಡುತ್ತಾರೆ. ಕೋಶದೊಳಗಿನ ಬೇಡದ ಹೊಳಪು ಅಡ್ಡ ಬರಬಾರದೆಂದು, ಗಾಜಿಗೆ ತಗುಲಿರುವ ಸುಮಾರು 100 ನ್ಯಾನೋಮೀಟರ್ ದಪ್ಪದ ಪದರಕ್ಕಷ್ಟೇ ಬೆಳಕು ತಲುಪುವಂತೆ ಲೇಸರನ್ನು ಓರೆಯಾಗಿ ಹಾಯಿಸುತ್ತಾರೆ. ಚಿತ್ರದಿಂದ ಚಿತ್ರಕ್ಕೆ ಚುಕ್ಕೆಯ ನಡುವನ್ನು ಜೋಡಿಸುತ್ತ ಹೋದರೆ ಹಾದಿ ಸಿಗುತ್ತದೆ.

ಒಂದೊಂದೇ ಅಣುವನ್ನು ಹಿಂಬಾಲಿಸದೆ ಇನ್ನೊಂದು ದಾರಿಯಲ್ಲಿಯೂ ಅಳೆಯಬಹುದು. ಲೇಸರನ್ನು ಒಂದು ಬಿಂದುವಿನಲ್ಲಿ ನಿಲ್ಲಿಸಿ, ಅಲ್ಲಿಗೆ ಬಂದು ಹೋಗುವ ಅಣುಗಳಿಂದ ಹೊಳಪು ಏರಿಳಿಯುವ ಲಯವನ್ನು ವಿಶ್ಲೇಷಿಸಿದರೆ, ಒಂದು ಅಣು ಆ ಬಿಂದುವನ್ನು ದಾಟಲು ತೆಗೆದುಕೊಳ್ಳುವ ಸಮಯ ಸಿಗುತ್ತದೆ. 1972ರಲ್ಲಿ ಮ್ಯಾಗ್ಡಿ, ಎಲ್ಸನ್ ಮತ್ತು ವೆಬ್ ಇದನ್ನು ಮೊದಲು ತೋರಿಸಿಕೊಟ್ಟರು.

ಪ್ರಶ್ನೆ: ಒಂದೇ ಬಗೆಯ ಅಣುವಿಗೆ ಒಂದು ಪ್ರಬಂಧದಲ್ಲಿ ಒಂದು ವಿಸರಣಾ ಗುಣಾಂಕ, ಇನ್ನೊಂದರಲ್ಲಿ ಅದರ ಹತ್ತಾರು ಪಟ್ಟು ಗುಣಾಂಕ ಕಾಣುತ್ತದೆ. ಯಾವುದನ್ನು ನಂಬಬೇಕು?
— ಎಂ.ಎಸ್ಸಿ. ವಿದ್ಯಾರ್ಥಿನಿ, ಶಂಕರಘಟ್ಟ

ಉತ್ತರ: ಈ ಸಲ ಬಂದ ಪ್ರಶ್ನೆಗಳಲ್ಲಿ ವಿಷಯದ ತಿರುಳಿಗೆ ಕೈ ಹಾಕಿದ್ದು ಇದು. ಎರಡೂ ಸರಿಯಿರಬಹುದು. ಸಂಖ್ಯೆಯ ಜೊತೆಗೆ, ಅದನ್ನು ಎಷ್ಟು ದೂರದ ಮೇಲೆ, ಎಷ್ಟು ಹೊತ್ತಿನಲ್ಲಿ ಅಳೆದರು ಎಂದು ಕೇಳದೆ ಅದಕ್ಕೆ ಅರ್ಥವೇ ಬರುವುದಿಲ್ಲ.

ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಜಪಾನಿನ ಕುಸುಮಿ ಅವರ ತಂಡದ ಕೆಲಸ. 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ಪೊರೆಯ ಲಿಪಿಡ್ ಅಣುವೊಂದಕ್ಕೆ 40 ನ್ಯಾನೋಮೀಟರ್ ಗಾತ್ರದ ಚಿನ್ನದ ಕಣವನ್ನು ಅಂಟಿಸಿ, ಅದು ಚದುರಿಸುವ ಬೆಳಕನ್ನು 25 ಮೈಕ್ರೋಸೆಕೆಂಡಿಗೆ ಒಂದರಂತೆ, ಅಂದರೆ ಸೆಕೆಂಡಿಗೆ 40,000 ಚಿತ್ರಗಳಲ್ಲಿ ಸೆರೆಹಿಡಿದರು. ಸಾಮಾನ್ಯ ವಿಡಿಯೋ ವೇಗದಲ್ಲಿ ನೋಡಿದಾಗ ಆ ಅಣು ಸುಮ್ಮನೆ ನಿಧಾನವಾಗಿ ಅಲೆಯುವಂತೆ ಕಾಣುತ್ತಿತ್ತು. ವೇಗ ಹೆಚ್ಚಿಸಿದ ಕೂಡಲೇ ಬೇರೆಯದೇ ಸಂಗತಿ ಕಂಡಿತು: ಅಣು ಸುಮಾರು 230 ನ್ಯಾನೋಮೀಟರ್ ಅಗಲದ ಒಂದು ಅಂಕಣದೊಳಗೆ ಅತ್ತಿಂದಿತ್ತ ಬಿರುಸಾಗಿ ಓಡಾಡುತ್ತದೆ, ಸರಾಸರಿ 11 ಮಿಲಿಸೆಕೆಂಡು ಅಲ್ಲಿಯೇ ಇರುತ್ತದೆ, ಆಮೇಲೆ ಪಕ್ಕದ ಅಂಕಣಕ್ಕೆ ಹಾರುತ್ತದೆ. ಅಂಕಣದೊಳಗಿನ ಓಡಾಟ ಕೃತಕ ಪೊರೆಯಲ್ಲಿರುವಷ್ಟೇ ಚುರುಕು. ದೂರದ ಪಯಣ ಮಾತ್ರ, ಬೇಲಿ ದಾಟಲು ಕಾಯಬೇಕಾದ್ದರಿಂದ, ಹತ್ತಾರು ಪಟ್ಟು ನಿಧಾನ. ಪೊರೆಯ ಒಳಮೈಗೆ ಒತ್ತಿಕೊಂಡಿರುವ ಆ್ಯಕ್ಟಿನ್ ಎಳೆಗಳ ಬಲೆಯೂ ಅದಕ್ಕೆ ಕಟ್ಟಿಕೊಂಡು ನಿಂತ ಪ್ರೋಟೀನ್‌ಗಳೂ ಈ ಬೇಲಿಗೆ ಕಾರಣ ಎಂಬುದು ಅವರ ವಿವರಣೆ. ಒಂದು ಮೈಕ್ರೋಮೀಟರ್ ಕಲೆಯ ಮೇಲೆ ಫ್ರಾಪ್ ಮಾಡಿದವರಿಗೆ ಹತ್ತಾರು ಅಂಕಣಗಳ ಸರಾಸರಿ ಸಿಗುತ್ತದೆ, ಅತಿವೇಗದ ಕ್ಯಾಮೆರಾದವರಿಗೆ ಒಂದು ಅಂಕಣದೊಳಗಿನ ಸಂಗತಿ ಸಿಗುತ್ತದೆ. ನೀವು ಕಂಡ ಎರಡು ಸಂಖ್ಯೆಗಳು ಹೀಗೆ ಎರಡು ಬೇರೆ ಪ್ರಶ್ನೆಗಳ ಉತ್ತರಗಳಾಗಿರಬಹುದು.

ಆದರೆ ಅಂಟಿಸಿದ ಗುರುತೇ ಅಳತೆಯನ್ನು ಕೆಡಿಸುವುದೂ ಉಂಟು. ಚಿನ್ನದ ಕಣ ಒಂದರ ಬದಲು ಮೂರು ನಾಲ್ಕು ಅಣುಗಳನ್ನು ಹಿಡಿದುಕೊಂಡರೆ ನಡಿಗೆ ನಿಧಾನವಾಗುತ್ತದೆ. ಆ ಕಾರಣಕ್ಕೆ ಬೇರೆ ದಾರಿಯ ಅಳತೆಗಳು ಮುಖ್ಯ. ಜರ್ಮನಿಯ ಗೋಟಿಂಗನ್‌ನಲ್ಲಿ ಸ್ಟೆಫಾನ್ ಹೆಲ್ ಅವರ ತಂಡ 2009ರಲ್ಲಿ, ಬೆಳಕಿನ ಬಿಂದುವನ್ನು 40 ನ್ಯಾನೋಮೀಟರಿಗೂ ಕಿರಿದು ಮಾಡಿ, ಚಿನ್ನದ ಕಣವಿಲ್ಲದೆಯೇ ಲಿಪಿಡ್‌ಗಳ ಓಡಾಟವನ್ನು ಅಳೆದು, ಕೆಲವು ಲಿಪಿಡ್‌ಗಳು ತೀರ ಸಣ್ಣ ಜಾಗಗಳಲ್ಲಿ ಹತ್ತಿಪ್ಪತ್ತು ಮಿಲಿಸೆಕೆಂಡು ತಡೆದು ನಿಲ್ಲುವುದನ್ನು ತೋರಿಸಿತು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಅಂದರೆ ಎನ್‌ಸಿಬಿಎಸ್‌ನಲ್ಲಿ ಸತ್ಯಜಿತ್ ಮೇಯರ್ ಅವರ ತಂಡ ಅಣುಗಳ ಹಾದಿಯ ಬದಲು ಅವುಗಳ ನೆರೆಹೊರೆಯನ್ನೇ ಅಳೆಯಿತು. ಒಂದೇ ಬಗೆಯ ಎರಡು ಹೊಳೆಯುವ ಅಣುಗಳು 10 ನ್ಯಾನೋಮೀಟರಿಗಿಂತ ಹತ್ತಿರ ಬಂದಾಗ ಒಂದರ ಶಕ್ತಿ ಇನ್ನೊಂದಕ್ಕೆ ದಾಟಿ, ಹೊರಬರುವ ಬೆಳಕಿನ ಧ್ರುವೀಕರಣ, ಅಂದರೆ ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಗುಣ, ಕಡಿಮೆಯಾಗುತ್ತದೆ. ಇದನ್ನು ಬಳಸಿ, ಪೊರೆಗೆ ಲಿಪಿಡ್ ಲಂಗರಿನಿಂದ ತಗುಲಿರುವ ಕೆಲವು ಪ್ರೋಟೀನ್‌ಗಳಲ್ಲಿ ಒಂದು ಪಾಲು ನಾಲ್ಕಕ್ಕಿಂತ ಹೆಚ್ಚಿಲ್ಲದ ಪುಟ್ಟ ಗುಂಪುಗಳಾಗಿರುತ್ತವೆ ಎಂದು ಅವರು 2004ರಲ್ಲಿ ತೋರಿಸಿದರು. ಆ ಗುಂಪುಗಳ ಹಿಂದೆ ಆ್ಯಕ್ಟಿನ್ ಎಳೆಗಳ ಚಟುವಟಿಕೆ ಇದೆ ಎಂಬುದು ಮುಂದಿನ ಪ್ರಯೋಗಗಳಲ್ಲಿ ಕಂಡಿತು.

ನಿಮಗೆ ಉಪಯೋಗಕ್ಕೆ ಬರಬಹುದಾದ ಇನ್ನೊಂದು ಮಾತಿದೆ. 1975ರಲ್ಲಿ ಸಾಫ್‌ಮನ್ ಮತ್ತು ಡೆಲ್‌ಬ್ರುಕ್ ಲೆಕ್ಕ ಹಾಕಿ ತೋರಿಸಿದಂತೆ, ತೆಳುವಾದ ಪೊರೆಯಲ್ಲಿ ವಿಸರಣೆಯು ಪ್ರೋಟೀನಿನ ಗಾತ್ರವನ್ನು ಲಾಗರಿದಮ್ ಪ್ರಮಾಣದಲ್ಲಿ ಮಾತ್ರ, ಅಂದರೆ ಬಹಳ ಕಡಿಮೆ, ಅವಲಂಬಿಸುತ್ತದೆ. ಆದ್ದರಿಂದ ಯಾವುದಾದರೂ ಪ್ರೋಟೀನ್ ಹತ್ತು ಪಟ್ಟು ನಿಧಾನವಾಯಿತು ಎಂದು ಓದಿದಾಗ, ಎರಡು ಪ್ರೋಟೀನ್ ಕೂಡಿ ಜೋಡಿಯಾದವು ಎಂಬ ವಿವರಣೆ ಸಾಲುವುದಿಲ್ಲ. ಅದು ಯಾವುದಕ್ಕೋ ಕಟ್ಟಿಕೊಂಡಿದೆ ಅಥವಾ ಬೇಲಿಯೊಳಗೆ ಸಿಕ್ಕಿದೆ ಎಂದು ಶಂಕಿಸಬೇಕು.

ಪ್ರಶ್ನೆ: ಅಷ್ಟು ಬಲವಾದ ಲೇಸರ್ ಬಿದ್ದ ಮೇಲೆ ಜೀವಕೋಶಕ್ಕೆ ಏಟಾಗುವುದಿಲ್ಲವೆ?
— ನಿವೃತ್ತ ನೌಕರ, ಭದ್ರಾವತಿ

ಉತ್ತರ: ಆಗಬಹುದು. ಹೊಳಪು ಕಳೆದುಕೊಳ್ಳುವ ಅಣುಗಳಿಂದ ಚುರುಕಾದ ಆಮ್ಲಜನಕದ ರೂಪಗಳು ಹುಟ್ಟಿ ನೆರೆಯ ಅಣುಗಳನ್ನು ಕೆಡಿಸುತ್ತವೆ. ಜಿಎಫ್‌ಪಿಯಲ್ಲಿ ಹೊಳೆಯುವ ಭಾಗವು ಪ್ರೋಟೀನಿನ ಪೀಪಾಯಿಯಂಥ ರಚನೆಯೊಳಗೆ ಅಡಗಿರುವುದರಿಂದ ಈ ಅಪಾಯ ಹೊರಗಿನ ಬಣ್ಣಗಳಿಗಿಂತ ಕಡಿಮೆ. ಎಚ್ಚರಿಕೆಯುಳ್ಳವರು ಅದೇ ಕಲೆಯ ಮೇಲೆ ಪ್ರಯೋಗವನ್ನು ಎರಡನೆಯ ಸಲ ಮಾಡಿ, ಎರಡು ಸಲವೂ ಹೊಳಪು ಒಂದೇ ರೀತಿ ಮರಳಿದರೆ ಮಾತ್ರ ಅಳತೆಯನ್ನು ಒಪ್ಪುತ್ತಾರೆ. ಪ್ರಬಂಧದಲ್ಲಿ ಈ ಪರೀಕ್ಷೆಯ ಮಾತೇ ಇಲ್ಲದಿದ್ದರೆ ಓದುಗರು ಕೇಳುವುದು ನ್ಯಾಯ.

ಪ್ರಶ್ನೆ: ನಮ್ಮ ಕಡೆ ಬೇಸಿಗೆ ಬಂತೆಂದರೆ ಮಂಗನ ಕಾಯಿಲೆಯ ಭಯ. ಪೊರೆಯ ಪ್ರೋಟೀನಿನ ಓಡಾಟ ಅಳೆಯುವುದರಿಂದ ಇಂಥ ರೋಗಗಳಿಗೆ ಏನಾದರೂ ಪ್ರಯೋಜನವಿದೆಯೆ?
— ಅಡಿಕೆ ಬೆಳೆಗಾರರು, ಸೊರಬ

ಉತ್ತರ: ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತಾಗ ಗುರುತಿಸಲಾದ, ಉಣುಗುಗಳಿಂದ ಹರಡುವ ಆ ವೈರಸ್ ಫ್ಲೇವಿವೈರಸ್ ಗುಂಪಿಗೆ ಸೇರಿದ್ದು, ಡೆಂಗಿ ವೈರಸ್ ಅದೇ ಗುಂಪಿನ ಸೊಳ್ಳೆಯಿಂದ ಬರುವ ಬಂಧು. ಡೆಂಗಿ ವೈರಸ್ಸಿಗೆ ಹೊಳೆಯುವ ಬಣ್ಣ ಹಚ್ಚಿ ಒಂದೊಂದೇ ಕಣವನ್ನು ಜೀವಂತ ಕೋಶದ ಮೇಲೆ ಹಿಂಬಾಲಿಸಿದ ಕೆಲಸ 2008ರಲ್ಲಿ ಪ್ರಕಟವಾಯಿತು. ವೈರಸ್ ಬಿದ್ದ ಜಾಗದಲ್ಲಿಯೇ ಒಳಗೆ ಇಳಿಯುವುದಿಲ್ಲ, ಪೊರೆಯ ಮೇಲೆ ಅಲೆಯುತ್ತ ಹೋಗಿ, ಕ್ಲಾಥ್ರಿನ್ ಎಂಬ ಪ್ರೋಟೀನಿನಿಂದ ಮೊದಲೇ ಸಿದ್ಧವಾಗಿರುವ ಗುಳಿಯೊಂದನ್ನು ಸೇರಿ ಅಲ್ಲಿಂದ ಒಳಹೋಗುತ್ತದೆ ಎಂದು ಅದರಲ್ಲಿ ಕಂಡುಬಂತು. ಈ ಅಲೆದಾಟಕ್ಕೆ ತಡೆ ಒಡ್ಡುವ ಮದ್ದು ಸಿದ್ಧವಿದೆ ಎಂದು ಇದರ ಅರ್ಥವಲ್ಲ. ಡೆಂಗಿಯಲ್ಲಿ ಕಂಡದ್ದನ್ನು ಮಂಗನ ಕಾಯಿಲೆಗೆ ಹಾಗೆಯೇ ಅನ್ವಯಿಸುವುದೂ ಸರಿಯಲ್ಲ. ವೈರಸ್ ಒಳನುಗ್ಗುವ ಮೊದಲಿನ ಹೆಜ್ಜೆಗಳನ್ನು ಕಣ್ಣಾರೆ ನೋಡಿ ಅಳೆಯುವ ದಾರಿ ಇದೆ ಎಂಬಷ್ಟನ್ನು ಖಂಡಿತವಾಗಿ ಹೇಳಬಹುದು. ಕಾಡಿಗೆ ಹೋಗುವಾಗ ಮೈಮುಚ್ಚುವ ಬಟ್ಟೆ, ಉಣುಗು ನಿವಾರಕ ತೈಲ, ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸುವುದು ಇವುಗಳಿಗೆ ಸದ್ಯಕ್ಕೆ ಬದಲಿಯಿಲ್ಲ.

ರೋಗದ ಜೊತೆ ನೇರವಾಗಿ ಹೊಂದಿಕೊಂಡ ಅಳತೆ ಬೇಕೆಂದರೆ ರಕ್ತದ ಕಡೆ ನೋಡಬೇಕು. ಕೆಂಪು ರಕ್ತಕಣದ ಪೊರೆಯ ಕೆಳಗೆ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಬಲೆಯಿದೆ. ಆ ಬಲೆ ಕೊರತೆಯಾಗಿ ಕಣಗಳು ಗುಂಡಗಾಗುವ ಆನುವಂಶಿಕ ರಕ್ತಹೀನತೆಯುಳ್ಳ ಇಲಿಗಳ ಮೇಲೆ 1980ರಲ್ಲಿ ಹೊಳಪು ಕಳೆಯುವ ಇದೇ ಪ್ರಯೋಗ ನಡೆಸಿದಾಗ, ಪೊರೆಯ ಪ್ರೋಟೀನ್‌ಗಳು ಆರೋಗ್ಯವಂತ ಕಣಗಳಿಗಿಂತ ಹತ್ತಾರು ಪಟ್ಟು ಸಲೀಸಾಗಿ ಓಡಾಡುತ್ತಿದ್ದವು. ಕಟ್ಟುಗಳು ಇಲ್ಲವಾದರೆ ಓಡಾಟ ಹೆಚ್ಚುತ್ತದೆ, ಕಣದ ಬಾಳಿಕೆ ತಗ್ಗುತ್ತದೆ.

ಪ್ರಶ್ನೆ: ಇಂಥ ಯಂತ್ರಗಳು ನಮ್ಮ ಶಾಲೆಗೆ ಕನಸು. ಇರುವ ಒಂದು ಸೂಕ್ಷ್ಮದರ್ಶಕದಲ್ಲಿ ಮಕ್ಕಳಿಗೆ ಏನನ್ನಾದರೂ ತೋರಿಸಬಹುದೆ?
— ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಕೊಪ್ಪ

ಉತ್ತರ: ಪೊರೆಯ ಪ್ರೋಟೀನನ್ನು ತೋರಿಸಲಾಗದು, ಆದರೆ ಅದೇ ಅಳತೆಯನ್ನು ಹಾಲಿನ ಜಿಡ್ಡಿನ ಹನಿಗಳ ಮೇಲೆ ಮಾಡಿಸಬಹುದು. ಮೊದಲು ಮಸೂರವನ್ನು ಪರೀಕ್ಷಿಸಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮಸೂರಕ್ಕೆ ಬೂಸಲು ಹಿಡಿಯುವುದು ಸಾಮಾನ್ಯ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸುವುದು ಒಳ್ಳೆಯ ರಕ್ಷಣೆ. ಪ್ಯಾಕೆಟ್ ಹಾಲಿನ ಒಂದು ಹನಿಯನ್ನು ಅರ್ಧ ಲೋಟ ನೀರಿಗೆ ಬೆರೆಸಿ, ಅದರಿಂದ ಒಂದು ಹನಿಯನ್ನು ಸ್ಲೈಡಿನ ಮೇಲೆ ಹಾಕಿ, ಮೇಲುಗಾಜು ಇಟ್ಟು, ಅಂಚಿಗೆ ವ್ಯಾಸಲೀನ್ ಸವರಿ ಮುಚ್ಚಿ. ಕರೆದ ಹಸಿ ಹಾಲಿನಲ್ಲಿ ಹನಿಗಳು ದಪ್ಪವಾಗಿರುತ್ತವೆ, ಯಂತ್ರದಲ್ಲಿ ಏಕರೂಪಗೊಳಿಸಿದ ಪ್ಯಾಕೆಟ್ ಹಾಲಿನಲ್ಲಿ ಒಂದು ಮೈಕ್ರೋಮೀಟರ್ ಆಸುಪಾಸಿನವು ಹೇರಳವಾಗಿ ಸಿಗುತ್ತವೆ. 40 ಪಟ್ಟಿನ ಮಸೂರದಲ್ಲಿ ಅವು ನಡುಗುತ್ತ ಜಾಗ ಬದಲಿಸುವುದು ಕಾಣುತ್ತದೆ. ಕಣ್ಣುಗಾಜಿಗೆ ಮೊಬೈಲನ್ನು ಹಿಡಿದು ವಿಡಿಯೋ ಮಾಡಿ, ಒಂದು ಹನಿಯ ಜಾಗವನ್ನು ಸೆಕೆಂಡಿಗೊಮ್ಮೆ ಪಾರದರ್ಶಕ ಹಾಳೆಯ ಮೇಲೆ ಗುರುತಿಸಿ. ಒಂದು, ಎರಡು, ನಾಲ್ಕು ಸೆಕೆಂಡುಗಳಲ್ಲಿ ಅದು ಸರಿದ ದೂರಗಳ ವರ್ಗವನ್ನು ಬೇರೆಬೇರೆಯಾಗಿ ಸರಾಸರಿ ಮಾಡಿ, ಸಮಯದ ಎದುರು ಗ್ರಾಫ್ ಎಳೆಸಿ. ಗೆರೆಯ ಇಳಿಜಾರನ್ನು ನಾಲ್ಕರಿಂದ ಭಾಗಿಸಿದರೆ ವಿಸರಣಾ ಗುಣಾಂಕ. ಉದ್ದದ ಅಳತೆಗೆ ಸ್ಟೇಜ್ ಮೈಕ್ರೋಮೀಟರ್, ಅಂದರೆ ಸೂಕ್ಷ್ಮ ಅಳತೆಯ ಗೆರೆಗಳಿರುವ ಗಾಜಿನ ಸ್ಲೈಡ್, ಬೇಕು. ಹತ್ತಿರದ ಕಾಲೇಜಿನಿಂದ ಒಂದು ದಿನದ ಮಟ್ಟಿಗೆ ಕೇಳಿ ತರಬಹುದು.

25 ಡಿಗ್ರಿ ಉಷ್ಣತೆಯ ನೀರಿನಲ್ಲಿ ಒಂದು ಮೈಕ್ರೋಮೀಟರ್ ವ್ಯಾಸದ ಹನಿಗೆ ಸೆಕೆಂಡಿಗೆ ಸುಮಾರು 0.5 ಚದರ ಮೈಕ್ರೋಮೀಟರ್ ಬರಬೇಕು. ಪೊರೆಯಲ್ಲಿ ಚುರುಕಾಗಿ ಓಡಾಡುವ ಪ್ರೋಟೀನ್‌ಗಳ ಗುಣಾಂಕವೂ ಹೆಚ್ಚುಕಡಿಮೆ ಇಷ್ಟೇ. ಅವು ಈ ಹನಿಗಿಂತ ನೂರಾರು ಪಟ್ಟು ಚಿಕ್ಕವು. ಆದರೂ ಓಡಾಟ ಇಷ್ಟೇ ಎಂದರೆ, ಲಿಪಿಡ್ ಪದರದ ಸ್ನಿಗ್ಧತೆ ನೀರಿನದಕ್ಕಿಂತ ನೂರು ಪಟ್ಟು ಅಥವಾ ಇನ್ನೂ ಹೆಚ್ಚು ಎಂಬುದನ್ನು ಮಕ್ಕಳು ತಮ್ಮದೇ ಸಂಖ್ಯೆಯಿಂದ ಊಹಿಸಬಲ್ಲರು. ನಿಮ್ಮ ಗ್ರಾಫ್ ಮೇಲಕ್ಕೆ ಬಾಗಿದರೆ ಅಂಚಿನ ಮುಚ್ಚಳ ಸರಿಯಾಗಿಲ್ಲದೆ ನೀರು ಒಂದು ಕಡೆಗೆ ಹರಿಯುತ್ತಿದೆ ಎಂದು ತಿಳಿಯಿರಿ. ಹೊಸ ಸ್ಲೈಡ್ ಮಾಡಿ. ಗೆರೆ ಬೇಗನೆ ಮಟ್ಟಸವಾಗಿಬಿಟ್ಟರೆ ಆ ಹನಿ ಗಾಜಿಗೆ ಅಂಟಿಕೊಂಡಿದೆ. ಅದನ್ನು ಸರಾಸರಿಯಲ್ಲಿ ಸೇರಿಸದೆ, ಅಂಥ ಹನಿಗಳು ಎಷ್ಟಿದ್ದವೆಂದು ಪಕ್ಕದಲ್ಲಿ ಬರೆದಿಡಲು ಹೇಳಿ.